ಲ್ಯಾಪ್‌ಟಾಪಿನ ಸಿಂಥಸೈಸರ್: ಟೋನ್ ಉಳಿಸುವುದು, ಹುಡುಕುವುದು, ತಿದ್ದುವುದು (ಪದೇ ಪದೇ ಕೇಳುವ ಪ್ರಶ್ನೆಗಳು)

ಭಜನಾ ಮಂಡಳಿಯಿರಲಿ, ಚರ್ಚಿನ ಗಾಯನವೃಂದವಿರಲಿ, ರಸಮಂಜರಿ ತಂಡವಿರಲಿ, ಮಂಗಳೂರಿನಿಂದ ಉಡುಪಿಯವರೆಗೆ ಈಗ ಅನೇಕ ಕಡೆ ಕಾಣುವ ನೋಟ ಒಂದೇ: ಸ್ಟ್ಯಾಂಡಿನ ಮೇಲೆ ಸಣ್ಣದೊಂದು ಕೀಬೋರ್ಡ್, ಪಕ್ಕದಲ್ಲಿ ಲ್ಯಾಪ್‌ಟಾಪ್. ಶಬ್ದವೆಲ್ಲ ಲ್ಯಾಪ್‌ಟಾಪಿನೊಳಗಿನ ಸಿಂಥಸೈಸರ್ (ಚಿಕ್ಕದಾಗಿ ಸಿಂಥ್) ಎಂಬ, ಶಬ್ದ ತಯಾರಿಸುವ ಪ್ರೋಗ್ರಾಂನದು. ಕೀಬೋರ್ಡ್ ಬರಿಯ ಮನೆಗಳ (ಒತ್ತುವ ಕೀಲಿಗಳ) ಹಲಗೆ. ಇಪ್ಪತ್ತು ವರ್ಷ ಹಾರ್ಮೋನಿಯಂ ನುಡಿಸಿದವರಿಗೂ ಪರದೆಯ ಮೇಲಿನ ನೂರಾರು ನಾಬ್ (ತಿರುಗಿಸುವ ಗುಂಡಿ) ಕಂಡರೆ ಗಾಬರಿಯಾಗುತ್ತದೆ, ಗಾಬರಿಯಾದಾಗ ಅವರು ನನಗೆ ಫೋನ್ ಮಾಡುತ್ತಾರೆ. ಅದೂ ಹೆಚ್ಚಾಗಿ ಕಾರ್ಯಕ್ರಮದ ಹಿಂದಿನ ರಾತ್ರಿ ಹನ್ನೊಂದಕ್ಕೆ. ಒಂದೇ ಉತ್ತರವನ್ನು ಎಷ್ಟು ಸಲ ಹೇಳುವುದು ಎಂದು ಇದನ್ನು ಬರೆದಿಟ್ಟಿದ್ದೇನೆ.

ಉದಾಹರಣೆಗಳನ್ನು ಹೆಚ್ಚಾಗಿ ಸರ್ಜ್ ಎಕ್ಸ್‌ಟಿ ಎಂಬ ಸಿಂಥ್‌ನಿಂದ ಕೊಟ್ಟಿದ್ದೇನೆ. ಅದು ಉಚಿತ, 2018ರಿಂದ ಮುಕ್ತ ತಂತ್ರಾಂಶ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನಿಮ್ಮ ಬಳಿ ಬೇರೆ ಸಿಂಥ್ ಇದ್ದರೆ ಗುಂಡಿಗಳ ಜಾಗ ಬೇರೆ ಇರಬಹುದು, ವಿಷಯ ಇದೇ.

ಪ್ರೀಸೆಟ್ ಎಂದರೆ ಏನು? ಯಾರೋ ನುಡಿಸಿ ಮುದ್ರಿಸಿಟ್ಟ ಶಬ್ದವೇ?

ಅಲ್ಲ. ಯಾವ ನಾಬ್ ಎಲ್ಲಿ ನಿಂತಿದೆ ಎಂಬ ಪಟ್ಟಿ, ಅಷ್ಟೇ. ಅದು ಗಸಿಯಲ್ಲ. ಗಸಿಗೆ ಮೆಣಸು ಎಷ್ಟು, ಕೊತ್ತಂಬರಿ ಎಷ್ಟು ಎಂದು ಅಮ್ಮ ಬರೆದುಕೊಟ್ಟ ಚೀಟಿ. ನೀವು ಒಂದೊಂದು ಮನೆ ಒತ್ತಿದಾಗಲೂ ಪ್ರೋಗ್ರಾಂ ಆ ಚೀಟಿ ನೋಡಿ ಶಬ್ದವನ್ನು ಹೊಸದಾಗಿ ಬೇಯಿಸುತ್ತದೆ.

ಚೀಟಿಯಾದ್ದರಿಂದಲೇ ಅದು ಅಷ್ಟು ಚಿಕ್ಕದು. 1983ರಲ್ಲಿ ಬಂದ ಯಮಹಾ ಡಿಎಕ್ಸ್7 ಎಂಬ ಸಿಂಥ್‌ನ 32 ಟೋನ್‌ಗಳ ಇಡೀ ಕಂತೆ 4,104 ಬೈಟ್. ಡೆಕ್ಸೆಡ್ ಎಂಬ ಉಚಿತ ಸಿಂಥ್ ಇವತ್ತಿಗೂ ಅದೇ ಕಂತೆಗಳನ್ನು ಓದುತ್ತದೆ. ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರದ ಜಾಗದಲ್ಲಿ ಇಂಥ ಹತ್ತಾರು ಕಂತೆ ಹಿಡಿಸುತ್ತವೆ.

ಪಿಯಾನೊ, ವೀಣೆ, ತಬಲಾ ಮುಂತಾದವುಗಳ ಮುದ್ರಿತ ಶಬ್ದಗಳನ್ನು ಬಳಸುವ ಪ್ರೋಗ್ರಾಂಗಳ ಕತೆ ಬೇರೆ. ಅಲ್ಲಿ ನೂರಾರು ಮೆಗಾಬೈಟ್ ಧ್ವನಿಮುದ್ರಣ ಒಂದು ಕಡೆ ಇರುತ್ತದೆ, ಪ್ರೀಸೆಟ್ ಅದರತ್ತ ಬೆರಳು ತೋರಿಸುತ್ತದೆ. ಬೆರಳು ತೋರಿಸಿದ ಜಾಗದಲ್ಲಿ ಫೈಲ್ ಇಲ್ಲದಿದ್ದರೆ ಶಬ್ದವೂ ಇಲ್ಲ.

ಅಂದ ಹಾಗೆ, 1970ರ ಮಿನಿಮೂಗ್ ಎಂಬ ಸಿಂಥ್‌ಗೆ ಜ್ಞಾಪಕಶಕ್ತಿಯೇ ಇರಲಿಲ್ಲ. ಒಂದು ಶಬ್ದ ಮತ್ತೆ ಬೇಕಾದರೆ ನಾಬ್‌ಗಳು ಎಲ್ಲೆಲ್ಲಿ ನಿಂತಿದ್ದವು ಎಂದು ಕಾಗದದ ಮೇಲೆ ಗುರುತು ಮಾಡಿಟ್ಟುಕೊಳ್ಳಬೇಕಿತ್ತು. 1978ರ ಪ್ರಾಫೆಟ್-5 ಬಂದಾಗ 40 ಟೋನ್ ನೆನಪಿಟ್ಟುಕೊಳ್ಳುವ ವಾದ್ಯ ಎಂಬುದೇ ದೊಡ್ಡ ಸುದ್ದಿ.

ಟೋನ್, ವಾಯ್ಸ್, ಪ್ಯಾಚ್, ಪ್ರೋಗ್ರಾಂ, ಪ್ರೀಸೆಟ್ ಎಲ್ಲ ಒಂದೇಯೇ?

ಹೆಚ್ಚುಕಡಿಮೆ ಒಂದೇ. ನಮ್ಮ ಕಡೆ ಬಾಯಿಮಾತಿನಲ್ಲಿ ಟೋನ್. ಹಳೆಯ ಸಿಂಥ್‌ಗಳಲ್ಲಿ ವಯರು ಚುಚ್ಚಿ ಶಬ್ದ ಕಟ್ಟುತ್ತಿದ್ದುದರಿಂದ ಪ್ಯಾಚ್ ಎಂಬ ಹೆಸರು ಉಳಿದುಬಂದಿದೆ. ವಾಯ್ಸ್ ಎಂಬ ಮಾತಿನಲ್ಲಿ ಮಾತ್ರ ಎಚ್ಚರ: ಸಿಂಥ್‌ನಲ್ಲಿ ಅದಕ್ಕೆ ಏಕಕಾಲಕ್ಕೆ ಕೇಳುವ ಸ್ವರಗಳ ಸಂಖ್ಯೆ ಎಂಬ ಇನ್ನೊಂದು ಅರ್ಥವೂ ಇದೆ. ‘16 ವಾಯ್ಸ್’ ಎಂದರೆ ಹದಿನಾರು ಟೋನ್ ಅಲ್ಲ.

ಟೋನ್ ಚೆನ್ನಾಗಿ ತಿದ್ದಿದ್ದೆ. ಇನ್ನೊಂದನ್ನು ಕೇಳಿ ವಾಪಸ್ ಬರುವಷ್ಟರಲ್ಲಿ ನನ್ನದು ಮಾಯ. ಎಲ್ಲಿ ಹೋಯಿತು?

ಎಲ್ಲಿಗೂ ಹೋಗಲಿಲ್ಲ, ಅದು ಎಲ್ಲೂ ಇರಲೇ ಇಲ್ಲ. ನೀವು ಪ್ರೀಸೆಟ್ ತೆರೆದಾಗ ಸಿಂಥ್ ಆ ಚೀಟಿಯನ್ನು ಒಂದು ಸ್ಲೇಟಿನ ಮೇಲೆ ನಕಲು ಮಾಡಿಕೊಳ್ಳುತ್ತದೆ. ನೀವು ತಿದ್ದುವುದು ಸ್ಲೇಟನ್ನು, ಚೀಟಿಯನ್ನಲ್ಲ. ಮುಂದಿನ ಪ್ರೀಸೆಟ್ ಒತ್ತಿದ ಕೂಡಲೇ ಸ್ಲೇಟು ಒರೆಸಿಹೋಗುತ್ತದೆ. ಕೆಲವು ಸಿಂಥ್‌ಗಳು ಹೆಸರಿನ ಪಕ್ಕ ಒಂದು ನಕ್ಷತ್ರ ತೋರಿಸಿ ‘ಇನ್ನೂ ಉಳಿಸಿಲ್ಲ’ ಎಂದು ಸೂಚಿಸುತ್ತವೆ. ಆ ನಕ್ಷತ್ರವನ್ನು ನೋಡುವ ಅಭ್ಯಾಸ ಬೆಳೆಸಿಕೊಳ್ಳಿ.

ನಾನು ಇದನ್ನು ಕಲಿತದ್ದು ಕ್ರೈಸ್ತರ ಮದುವೆಗೆ ಮುಂಚಿನ ರೋಸ್ ಶಾಸ್ತ್ರ ನಡೆಯುತ್ತಿದ್ದ ಒಂದು ಮನೆಯಲ್ಲಿ. ಮಧ್ಯಾಹ್ನವೆಲ್ಲ ಕೂತು ಹಾಡಿನ ಕೆಳಗೆ ಹಾಸಿಗೆಯಂತೆ ಹರಡುವ ಒಂದು ಮೆತ್ತನೆಯ ಪ್ಯಾಡ್ ಮಾಡಿದ್ದೆ. ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವಂಥದ್ದು. ತೆಂಗಿನ ಹಾಲಿನ ಬಟ್ಟಲು ಬಂತು, ಮದುಮಗಳು ಕೂತಳು, ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತರು. ಪಕ್ಕದಲ್ಲಿದ್ದ ಹುಡುಗ ‘ಇದೇನು ಬಾಣದ ಗುರುತು’ ಎಂದು ಒಂದು ಸಲ ಒತ್ತಿದ. ನಾನು ಗಾಬರಿಯಲ್ಲಿ ಹಿಂದಿನ ಬಾಣ ಒತ್ತಿದೆ. ಹೆಸರು ಅದೇ ಬಂತು, ಶಬ್ದ ಮಾತ್ರ ತಿದ್ದುವುದಕ್ಕಿಂತ ಮುಂಚಿನ ತುತ್ತೂರಿ. ಮೊದಲ ಸ್ವರಕ್ಕೇ ಮದುಮಗಳ ಅಜ್ಜಿ ತಿರುಗಿ ನೋಡಿದರು. ಆ ನೋಟ ಇನ್ನೂ ನೆನಪಿದೆ.

ಅಂದಿನಿಂದ ನನ್ನ ಪದ್ಧತಿ ಹೀಗೆ: ಪ್ರೀಸೆಟ್ ತೆರೆದ ತಕ್ಷಣ, ಒಂದು ನಾಬನ್ನೂ ಮುಟ್ಟುವ ಮೊದಲು, ಹೊಸ ಹೆಸರಿನಲ್ಲಿ ಉಳಿಸುತ್ತೇನೆ. ಆಮೇಲೆ ತಿದ್ದುತ್ತಾ ನಡುನಡುವೆ ಅದರ ಮೇಲೆಯೇ ಉಳಿಸುತ್ತಾ ಹೋಗುತ್ತೇನೆ.

ಉಳಿಸುವಾಗ ಮೂಲ ಟೋನ್ ಅಳಿಸಿಹೋಗುವುದಿಲ್ಲವೇ?

ಸರ್ಜ್ ಎಕ್ಸ್‌ಟಿಯಲ್ಲಿ ಇಲ್ಲ. ಸಿಂಥ್ ಜೊತೆಗೇ ಬಂದ ಪ್ರೀಸೆಟ್‌ಗಳು ಒಂದು ಫೋಲ್ಡರಿನಲ್ಲಿ, ನೀವು ಉಳಿಸಿದವು ಇನ್ನೊಂದರಲ್ಲಿ ಇರುತ್ತವೆ. ನೀವೇ ಮಾಡಿದ ಟೋನಿನ ಮೇಲೆ ಅದೇ ಹೆಸರಿನಲ್ಲಿ ಉಳಿಸಿದರೆ ಹಳೆಯದು ಹೋಗುತ್ತದೆ. ಡೆಕ್ಸೆಡ್‌ನಂತೆ 32ರ ಕಂತೆ ಬಳಸುವ ಸಿಂಥ್‌ಗಳಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಅಲ್ಲಿ ಪ್ರತಿ ಟೋನಿಗೂ ಒಂದು ಸಂಖ್ಯೆಯ ಕೋಣೆ ಇರುತ್ತದೆ, ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ.

ಹೆಸರು ಇಡುವುದಕ್ಕೂ ಕ್ರಮ ಇದೆಯೇ?

ಕ್ರಮ ಇಲ್ಲದವರ ಲ್ಯಾಪ್‌ಟಾಪಿನಲ್ಲಿ ಏನಿರುತ್ತದೆ ಎಂದು ಹೇಳುತ್ತೇನೆ: ಹೊಸದು, ಹೊಸದು2, ಫೈನಲ್, ಫೈನಲ್ ಒಳ್ಳೆಯದು, ಇದೇ ಫೈನಲ್. ಆರು ತಿಂಗಳು ಬಿಟ್ಟು ನೋಡಿದರೆ ಬರೆದವರಿಗೇ ಗೊತ್ತಾಗುವುದಿಲ್ಲ.

ಹೆಸರಿನಲ್ಲಿ ಆ ಶಬ್ದ ಮಾಡುವ ಕೆಲಸ ಇರಬೇಕು, ಅದರ ವರ್ಣನೆ ಅಲ್ಲ. ‘ಮಧುರ ಮೋಡ’ ಎಂದು ಇಟ್ಟರೆ ಕವಿತೆಯಾಯಿತು. ‘ಪ್ಯಾಡ್ ನಿಧಾನ ಭಜನೆ’ ಎಂದು ಇಟ್ಟರೆ ಕತ್ತಲೆಯ ವೇದಿಕೆಯಲ್ಲೂ ಕೈಗೆ ಸಿಗುತ್ತದೆ. ನಾನು ಮೊದಲು ಜಾತಿ (ಪ್ಯಾಡ್, ಮುಖ್ಯ ರಾಗ ನುಡಿಸುವ ಲೀಡ್, ತಗ್ಗು ಸ್ವರದ ಬಾಸ್, ಆರ್ಗನ್), ಆಮೇಲೆ ಸ್ವಭಾವ, ಕೊನೆಗೆ ಸಂದರ್ಭ ಬರೆಯುತ್ತೇನೆ. ಒಂದು ಕಾರ್ಯಕ್ರಮಕ್ಕೆ ಹಾಡಿನ ಅನುಕ್ರಮದಲ್ಲೇ ಟೋನ್ ಬೇಕಾದರೆ ಮುಂದೆ ಸಂಖ್ಯೆ ಹಾಕಿ, ಆದರೆ 1, 2, 3 ಎಂದಲ್ಲ, 01, 02, 03 ಎಂದು. ಅನೇಕ ಪ್ರೋಗ್ರಾಂಗಳು ಹೆಸರನ್ನು ಅಕ್ಷರ ಅಕ್ಷರವಾಗಿ ಜೋಡಿಸುವುದರಿಂದ 1ರ ನಂತರ 10 ಬಂದು ಕೂರುತ್ತದೆ, 2 ಎಲ್ಲೋ ಕೆಳಗೆ ಸಿಗುತ್ತದೆ. ಎರಡನೆಯ ಹಾಡಿಗೆ ಹತ್ತನೆಯದರ ಡೋಲು ಹೊಡೆದ ಮೇಲೆ ಈ ಸೊನ್ನೆಯ ಬೆಲೆ ಗೊತ್ತಾಗುತ್ತದೆ.

ವಿಂಡೋಸ್‌ನಲ್ಲಿ ಫೈಲ್ ಹೆಸರಿನೊಳಗೆ ಓರೆಗೆರೆ, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ವಿವರಣೆಯ ಎರಡು ಚುಕ್ಕಿ ಇವೆಲ್ಲ ನಡೆಯುವುದಿಲ್ಲ. ಕನ್ನಡದಲ್ಲೇ ಹೆಸರಿಡುವ ಆಸೆ ನನಗೂ ಇತ್ತು. ಕೆಲವು ಸಿಂಥ್‌ಗಳ ಅಕ್ಷರಶೈಲಿಯಲ್ಲಿ ಕನ್ನಡವಿಲ್ಲದೆ ಬರೀ ಚೌಕಗಳು ಕಂಡವು. ಹಾಗಾಗಿ ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತೇನೆ, ಮನಸ್ಸಿಲ್ಲದ ಮನಸ್ಸಿನಿಂದ.

ಫೈಲ್ ಎಲ್ಲಿ ಕೂತಿರುತ್ತದೆ? ಲ್ಯಾಪ್‌ಟಾಪ್ ರಿಪೇರಿಗೆ ಕೊಡಬೇಕಾಗಿದೆ.

ಕೊಡುವ ಮೊದಲು ಕೇಳಿದ್ದೀರಿ, ಪುಣ್ಯ. ಹೆಚ್ಚಿನವರು ಫಾರ್ಮ್ಯಾಟ್ ಆದ ಮೇಲೆ ಕೇಳುತ್ತಾರೆ.

ಸರ್ಜ್ ಎಕ್ಸ್‌ಟಿ ನಿಮ್ಮ ಟೋನ್‌ಗಳನ್ನು ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ತನ್ನದೇ ಹೆಸರಿನ ಫೋಲ್ಡರಿನಲ್ಲಿ ಇಡುತ್ತದೆ. ಒಂದೊಂದು ಟೋನ್ ಒಂದೊಂದು ಎಫ್‌ಎಕ್ಸ್‌ಪಿ ಫೈಲ್ (ಹೆಸರಿನ ಕೊನೆಯಲ್ಲಿ .fxp ಎಂದಿರುತ್ತದೆ). ಆ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿದರೆ ಕೆಲಸ ಮುಗಿಯಿತು. ಹೊಸ ಯಂತ್ರದಲ್ಲಿ ಅದೇ ಜಾಗಕ್ಕೆ ಹಾಕಿದರೆ ಎಲ್ಲ ವಾಪಸ್ ಬರುತ್ತವೆ. ಬೇರೆ ಸಿಂಥ್‌ಗಳಲ್ಲಿ ಜಾಗ ಬೇರೆ. ಮೆನುವಿನಲ್ಲಿ ‘ಬಳಕೆದಾರರ ಫೋಲ್ಡರ್ ತೆರೆ’ ಎಂಬ ಅರ್ಥದ ಸಾಲು ಇದೆಯೇ ಎಂದು ನೋಡಿ.

ಒಂದು ಸಂಗತಿ ಮಾತ್ರ ಅನೇಕರ ತಲೆ ತಿನ್ನುತ್ತದೆ. ವಿಂಡೋಸ್‌ನಲ್ಲಿ ಒನ್‌ಡ್ರೈವ್ ಚಾಲೂ ಇದ್ದರೆ ಡಾಕ್ಯುಮೆಂಟ್ಸ್ ಫೋಲ್ಡರ್ ಅದರೊಳಗೆ ಸೇರಿಕೊಂಡಿರಬಹುದು, ಕೆಲವು ಫೈಲ್‌ಗಳು ಹೆಸರಿಗೆ ಮಾತ್ರ ಲ್ಯಾಪ್‌ಟಾಪಿನಲ್ಲಿದ್ದು ನಿಜವಾಗಿ ಇಂಟರ್‌ನೆಟ್ಟಿನಲ್ಲಿರಬಹುದು. ಮನೆಯಲ್ಲಿ ವೈಫೈ ಇರುವಾಗ ಎಲ್ಲ ಸರಿ. ನೆಟ್‌ವರ್ಕ್ ಇಲ್ಲದ ಊರಿನ ದೇವಸ್ಥಾನದ ಅಂಗಳದಲ್ಲಿ ಟೋನ್ ತೆರೆಯುವುದಿಲ್ಲ. ಆ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ‘ಈ ಯಂತ್ರದಲ್ಲೇ ಯಾವಾಗಲೂ ಇರಲಿ’ ಎಂಬುದನ್ನು ಆರಿಸಿಕೊಳ್ಳಿ.

ಗೆಳೆಯ ವಾಟ್ಸಾಪಿನಲ್ಲಿ ಟೋನ್ ಕಳಿಸಿದ. ತೆರೆಯುವುದೇ ಇಲ್ಲ.

ಅದು ಯಾವ ಸಿಂಥ್‌ನದು ಎಂದು ಮೊದಲು ಕೇಳಿ. ವೈಟಲ್ ಎಂಬ ಇನ್ನೊಂದು ಸಿಂಥ್‌ನ ಟೋನ್ ಸರ್ಜ್‌ನಲ್ಲಿ ತೆರೆಯುವುದಿಲ್ಲ. ಮೆಣಸಿನ ಅಳತೆಯ ಚೀಟಿ ಹಿಡಿದು ಬಡಗಿಯ ಹತ್ತಿರ ಹೋದ ಹಾಗೆ. ಎಫ್‌ಎಕ್ಸ್‌ಪಿ ಎಂಬ ಬಾಲ ನೋಡಿ ಮೋಸಹೋಗಬೇಡಿ, ಅದು ಅನೇಕ ಸಿಂಥ್‌ಗಳು ಹಂಚಿಕೊಂಡ ಲಕೋಟೆ, ಒಳಗಿನ ಕಾಗದ ಬೇರೆ ಬೇರೆ. ಸಿಂಥ್ ಅದೇ ಆದರೆ ಆವೃತ್ತಿ ನೋಡಿ. ಹಳೆಯದರಲ್ಲಿ ಉಳಿಸಿದ್ದನ್ನು ಹೊಸದು ಸಾಮಾನ್ಯವಾಗಿ ಓದುತ್ತದೆ, ಹೊಸದರಲ್ಲಿ ಉಳಿಸಿದ್ದನ್ನು ಹಳೆಯದು ಓದುವ ಭರವಸೆ ಇಲ್ಲ. ಕಳಿಸುವಾಗ ಜಿಪ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಸಾವಿರಾರು ಪ್ರೀಸೆಟ್ ಇವೆ. ಬೇಕಾದದ್ದನ್ನು ಹುಡುಕುವುದು ಹೇಗೆ?

ಒಂದೊಂದೇ ಬಾಣ ಒತ್ತುತ್ತಾ ಹೋಗಬೇಡಿ. ಇಪ್ಪತ್ತನೆಯದಕ್ಕೆ ಕಿವಿ ಸೋಲುತ್ತದೆ, ಆಮೇಲೆ ಜೋರಾಗಿ ಕೇಳಿದ್ದೆಲ್ಲ ಚೆನ್ನಾಗಿದೆ ಅನಿಸುತ್ತದೆ. ವಿಭಾಗ ಆರಿಸಿಕೊಳ್ಳಿ, ಹುಡುಕುವ ಭೂತಗನ್ನಡಿ ಬಳಸಿ, ಇಷ್ಟವಾದದ್ದಕ್ಕೆ ಮೆಚ್ಚಿನದು ಎಂಬ ಗುರುತು ಹಾಕಿ. ಕೇಳಿ ನೋಡುವಾಗ ಸುಮ್ಮನೆ ಒಂದು ಸ್ವರ ಒತ್ತಿ ಹಿಡಿಯುವುದಲ್ಲ, ನೀವು ನಿಜವಾಗಿ ನುಡಿಸಲಿರುವ ಹಾಡಿನ ಒಂದು ಸಾಲನ್ನೇ ನುಡಿಸಿ. ಒಂಟಿ ಸ್ವರದಲ್ಲಿ ಅದ್ಭುತವಾಗಿ ಹೊಳೆಯುವ ಟೋನ್ ಹಾಡಿನೊಳಗೆ ಗಾಯಕರ ಗಂಟಲನ್ನೇ ಮುಚ್ಚಿಬಿಡುವುದುಂಟು.

ನನ್ನ ಮೆಚ್ಚಿನ ಪಟ್ಟಿಯಲ್ಲಿ ಈಗ ಹದಿನಾಲ್ಕು ಟೋನ್ ಇವೆ. ಅದರಲ್ಲೂ ನಾಲ್ಕು ದಂಡಕ್ಕೆ.

ಇಷ್ಟೊಂದು ನಾಬ್‌ಗಳಲ್ಲಿ ಮೊದಲು ಯಾವುದನ್ನು ಕಲಿಯಲಿ?

ಕಟ್‌ಆಫ್. ಒಂದೇ ಒಂದನ್ನು ಕಲಿಯುವುದಿದ್ದರೆ ಇದನ್ನು.

ಸರ್ಜ್‌ನಲ್ಲಿ ಟೆಂಪ್ಲೇಟ್ಸ್ ವಿಭಾಗಕ್ಕೆ ಹೋಗಿ ಇನಿಟ್ ಸಾ ಎಂಬುದನ್ನು ತೆರೆಯಿರಿ. ಬರಿಯ ಗರಗಸದ ಅಲೆ, ಯಾವ ಅಲಂಕಾರವೂ ಇಲ್ಲ. ಕೆಳಗಿನ ಒಂದು ಸ್ವರ ಒತ್ತಿ ಹಿಡಿಯಿರಿ. ಸೊಳ್ಳೆ ದೊಡ್ಡದಾದರೆ ಹೇಗೋ ಹಾಗೆ ಕೇಳುತ್ತದೆ. ಈಗ ಲೋ-ಪಾಸ್ ಫಿಲ್ಟರ್ (ತಗ್ಗಿನ ಶಬ್ದ ಬಿಟ್ಟು ಮೇಲಿನದನ್ನು ತಡೆಯುವ ಜರಡಿ) ಆರಿಸಿ, ಎಲ್ಲಿಂದ ಮೇಲೆ ತಡೆಯಬೇಕು ಎಂದು ಹೇಳುವ ಕಟ್‌ಆಫನ್ನು ನಿಧಾನವಾಗಿ ಇಳಿಸಿ. ಮೊದಲು ಮೇಲಿನ ಕರಕರ ಹೋಗುತ್ತದೆ. ಇನ್ನೂ ಇಳಿಸಿದರೆ ಶಬ್ದಕ್ಕೆ ಕಂಬಳಿ ಹೊದಿಸಿದಂತಾಗುತ್ತದೆ. ತೀರ ಕೆಳಗೆ ಬಂದರೆ ಪಕ್ಕದ ಮನೆಯ ಮದುವೆಯ ಬಾಸ್ ಗೋಡೆಯಾಚೆಯಿಂದ ಕೇಳಿದ ಹಾಗೆ ಬರೀ ಗುಂ ಎನ್ನುತ್ತದೆ. ಸ್ವರ ಅದೇ, ಹೊಳಪು ಬೇರೆ. ಈಗ ಕಟ್‌ಆಫ್ ಹತ್ತಿರದ ಶಬ್ದವನ್ನು ಎತ್ತಿ ತೋರಿಸುವ ರೆಸೊನೆನ್ಸ್ ಸ್ವಲ್ಪ ಏರಿಸಿ ಮತ್ತೆ ಕಟ್‌ಆಫ್ ಎಳೆಯಿರಿ. ಯಾರೋ ಬಾಯಿ ತೆರೆದು ಮುಚ್ಚಿ ‘ವಾವ್’ ಅಂದಂತಾಗುತ್ತದೆ. ರೆಸೊನೆನ್ಸನ್ನು ಪೂರ್ತಿ ಏರಿಸುವ ಮೊದಲು ಹೆಡ್‌ಫೋನ್ ತೆಗೆದಿಡಿ, ಕೆಲವು ಫಿಲ್ಟರ್‌ಗಳು ತಾವೇ ಸಿಳ್ಳೆ ಹಾಕತೊಡಗುತ್ತವೆ.

ಪ್ರೀಸೆಟ್ ತೀರ ಚುಚ್ಚುತ್ತದೆ ಎಂದು ಬಿಟ್ಟುಬಿಡುವ ಮೊದಲು ಕಟ್‌ಆಫ್ ಇಳಿಸಿ ನೋಡಿ. ಹತ್ತರಲ್ಲಿ ಆರು ಸಲ ನಿಮಗೆ ಬೇಕಾಗಿದ್ದ ಶಬ್ದ ಅದರ ಕೆಳಗೇ ಅಡಗಿರುತ್ತದೆ.

ಎರಡನೆಯದು ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಎಂಬ ನಾಲ್ವರು ಅಣ್ಣತಮ್ಮಂದಿರು: ಕ್ರಮವಾಗಿ ಶಬ್ದ ತುದಿಗೆ ಏರುವುದು, ಅಲ್ಲಿಂದ ಇಳಿಯುವುದು, ಮನೆ ಒತ್ತಿರುವವರೆಗೆ ನಿಲ್ಲುವುದು, ಬೆರಳೆತ್ತಿದ ಮೇಲೆ ಆರುವುದು. ಇವರನ್ನು ನಮ್ಮ ವಾದ್ಯಗಳಲ್ಲೇ ಗುರುತಿಸಬಹುದು. ಚೆಂಡೆಗೆ ಕೋಲು ಬಿದ್ದ ಕ್ಷಣವೇ ಶಬ್ದ ತುದಿಯಲ್ಲಿರುತ್ತದೆ, ಅಲ್ಲಿಂದ ಬಿದ್ದುಹೋಗುತ್ತದೆ: ಅಟ್ಯಾಕ್ ಸೊನ್ನೆ, ಡಿಕೇ ಚಿಕ್ಕದು, ಸಸ್ಟೇನ್ ಸೊನ್ನೆ. ಹಾರ್ಮೋನಿಯಂ ಮನೆ ಒತ್ತಿ ತಿದಿ ಊದುತ್ತಿರುವವರೆಗೆ ಒಂದೇ ಸಮ ನಿಂತಿರುತ್ತದೆ: ಸಸ್ಟೇನ್ ಪೂರ್ತಿ, ಬೆರಳೆತ್ತಿದರೆ ಮೌನ, ಅಂದರೆ ರಿಲೀಸ್ ಸೊನ್ನೆ. ದೇವಸ್ಥಾನದ ಗಂಟೆ ಹೊಡೆದು ಕೈ ತೆಗೆದ ಮೇಲೂ ಅನುರಣಿಸುತ್ತದೆ: ಅಲ್ಲಿ ಡಿಕೇ, ರಿಲೀಸ್ ಎರಡೂ ಉದ್ದ. ಈ ನಾಲ್ಕರಲ್ಲಿ ಒಂದು ವಿಚಿತ್ರ ಇದೆ. ಅಟ್ಯಾಕ್, ಡಿಕೇ, ರಿಲೀಸ್ ಸಮಯದ ಅಳತೆಗಳು. ಸಸ್ಟೇನ್ ಮಾತ್ರ ಮಟ್ಟದ ಅಳತೆ. ಸಸ್ಟೇನ್ ಏರಿಸಿದರೆ ಸ್ವರ ಉದ್ದವಾಗುತ್ತದೆ ಎಂದು ಕಾಯುತ್ತಾ ಕೂತವರನ್ನು ನೋಡಿದ್ದೇನೆ.

ರಿಲೀಸ್ ಎಷ್ಟಿರಬೇಕು ಎಂಬುದನ್ನು ಮನೆಯಲ್ಲಿ ತೀರ್ಮಾನಿಸಲಾಗದು. ಎತ್ತರದ ಮಾಡಿನ ಹಳೆಯ ಚರ್ಚಿನೊಳಗೆ ಕಟ್ಟಡವೇ ಮಾರ್ದನಿ ಕೊಡುತ್ತದೆ. ಅಲ್ಲಿ ಉದ್ದ ರಿಲೀಸ್ ಇಟ್ಟರೆ ಒಂದು ಸ್ವರಮೇಳದ ಬಾಲ ಮುಂದಿನದರ ತಲೆಯ ಮೇಲೆ ಬಿದ್ದು ಎಲ್ಲ ಕೆಸರು. ತೆರೆದ ಗದ್ದೆಯ ವೇದಿಕೆಯಲ್ಲಿ ಅದೇ ಟೋನ್ ಒಣಗಿಹೋದಂತೆ ಕೇಳುತ್ತದೆ. ನಾನು ಒಂದೇ ಪ್ಯಾಡನ್ನು ‘ಒಳಗೆ’, ‘ಹೊರಗೆ’ ಎಂದು ಎರಡು ಹೆಸರಿನಲ್ಲಿ ಉಳಿಸಿಟ್ಟಿದ್ದೇನೆ.

ಮೂರನೆಯದು ಎಲ್‌ಎಫ್‌ಒ. ಕಾಣದ ಕೈಯೊಂದು ನಿಮ್ಮ ಪರವಾಗಿ ನಾಬನ್ನು ಆಚೀಚೆ ಅಲ್ಲಾಡಿಸುತ್ತಿರುತ್ತದೆ, ಅಷ್ಟೇ. ಪಿಚ್ (ಸ್ವರದ ಎತ್ತರ) ಅಲ್ಲಾಡಿಸಿದರೆ ಕಂಪನ, ಕಟ್‌ಆಫ್ ಅಲ್ಲಾಡಿಸಿದರೆ ವಾವ್ ವಾವ್. ಉಳಿದದ್ದನ್ನು ಈ ಮೂರು ಕೈಗೆ ಹತ್ತಿದ ಮೇಲೆ ನೋಡಿದರೆ ಸಾಕು.

ಏನೋ ಎಳೆದೆ, ಎಲ್ಲ ಹಾಳಾಯಿತು. ಸರಿ ಮಾಡುವುದು ಹೇಗೆ?

ಆ ಸ್ಲೈಡರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದು ತನ್ನ ಆರಂಭದ ಬೆಲೆಗೆ ಮರಳುತ್ತದೆ. ಏನು ಮುಟ್ಟಿದ್ದೆಂದೇ ಗೊತ್ತಿಲ್ಲದಿದ್ದರೆ ರದ್ದುಮಾಡುವ ಬಾಣ ಒತ್ತಿ, ಅದೂ ಸಾಲದಿದ್ದರೆ ಉಳಿಸಿಟ್ಟ ಪ್ರೀಸೆಟನ್ನೇ ಮತ್ತೆ ತೆರೆಯಿರಿ. ತೀರ ಸಣ್ಣ ಬದಲಾವಣೆಗೆ ಶಿಫ್ಟ್ ಹಿಡಿದು ಎಳೆಯಿರಿ. ಇಂತಿಷ್ಟೇ ಬೆಲೆ ಬೇಕಾದರೆ ಬಲಗುಂಡಿ ಒತ್ತಿ ಅಂಕಿ ಬರೆಯಿರಿ. ಬೆವರಿದ ಬೆರಳಲ್ಲಿ ಟಚ್‌ಪ್ಯಾಡ್ ಎಳೆಯುವುದಕ್ಕಿಂತ ಇದು ಲೇಸು. ನಮ್ಮ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಟಚ್‌ಪ್ಯಾಡ್ ನಂಬಬಾರದು.

ನನ್ನ ಕೀಬೋರ್ಡಿನ ಮೇಲಿರುವ ನಾಬ್‌ಗಳಿಂದಲೇ ತಿರುಗಿಸಬಹುದೇ?

ಖಂಡಿತ. ಕೀಬೋರ್ಡ್ ಲ್ಯಾಪ್‌ಟಾಪಿನ ಜೊತೆ ಮಾತಾಡುವ ಭಾಷೆಗೆ ಮಿಡಿ ಎಂದು ಹೆಸರು. ಸರ್ಜ್‌ನಲ್ಲಿ ಸ್ಲೈಡರಿನ ಮೇಲೆ ಬಲಗುಂಡಿ ಒತ್ತಿ ಮಿಡಿ ಲರ್ನ್ ಆರಿಸಿ, ನಿಮ್ಮ ಕೀಬೋರ್ಡಿನ ನಾಬ್ ತಿರುಗಿಸಿ. ಜೋಡಣೆ ಆಯಿತು. ಕೀಬೋರ್ಡ್ 0ಯಿಂದ 127ರವರೆಗಿನ ಅಂಕಿ ಕಳಿಸುತ್ತದೆ, ಸಿಂಥ್ ಅದಕ್ಕೆ ತಕ್ಕಂತೆ ಸರಿಯುತ್ತದೆ. ಯಾವ ನಾಬ್ ಎಂದು ಹೇಳಲು ಒಂದು ಕಂಟ್ರೋಲರ್ ಸಂಖ್ಯೆಯೂ ಜೊತೆಗೆ ಹೋಗುತ್ತದೆ, ಅವುಗಳಲ್ಲಿ ಕೆಲವಕ್ಕೆ ವಾಡಿಕೆಯ ಕೆಲಸಗಳಿವೆ: 1 ಮಾಡ್ಯುಲೇಶನ್ ಚಕ್ರ, 7 ವಾಲ್ಯೂಮ್, 64 ಸಸ್ಟೇನ್ ಪೆಡಲ್, 74 ಹೊಳಪು.

ನೇರವಾಗಿ ಕಟ್‌ಆಫ್‌ಗೆ ಜೋಡಿಸುವುದಕ್ಕಿಂತ ಮ್ಯಾಕ್ರೋಗೆ (ಯಾವುದನ್ನು ತಿರುಗಿಸಬೇಕೆಂದು ನೀವೇ ಗೊತ್ತುಮಾಡುವ ನಾಬ್) ಜೋಡಿಸುವುದು ಒಳ್ಳೆಯದು. ಸರ್ಜ್‌ನಲ್ಲಿ ಎಂಟು ಮ್ಯಾಕ್ರೋಗಳಿವೆ. ಮೊದಲನೆಯದನ್ನು ಯಾವಾಗಲೂ ಹೊಳಪಿಗೆ, ಎರಡನೆಯದನ್ನು ರಿಲೀಸ್‌ಗೆ ಎಂದು ನೀವೇ ನಿಯಮ ಮಾಡಿಕೊಂಡು ಪ್ರತಿ ಟೋನಿನಲ್ಲೂ ಹಾಗೆಯೇ ಉಳಿಸಿದರೆ, ಟೋನ್ ಬದಲಾದರೂ ಕೈಯ ಅಭ್ಯಾಸ ಬದಲಾಗುವುದಿಲ್ಲ.

ಒಂದು ತೊಂದರೆಯಿದೆ. ಟೋನ್ ಬದಲಿಸಿದಾಗ ಪರದೆಯ ನಾಬ್ ಒಂದು ಕಡೆ, ನಿಮ್ಮ ಕೀಬೋರ್ಡಿನ ನಾಬ್ ಇನ್ನೊಂದು ಕಡೆ ಇರುತ್ತದೆ. ಮುಟ್ಟಿದೊಡನೆ ಶಬ್ದ ಹಾರಿಬೀಳುತ್ತದೆ. ಪಿಕಪ್ ಎಂಬ ಸೌಲಭ್ಯ ಇದ್ದರೆ ಹಾಕಿಕೊಳ್ಳಿ, ಎರಡೂ ಒಂದೇ ಜಾಗದಲ್ಲಿ ಸಂಧಿಸುವವರೆಗೆ ಅದು ಸುಮ್ಮನಿರುತ್ತದೆ. ಕೊನೆಯಿಲ್ಲದೆ ತಿರುಗುವ ಜಾತಿಯ ನಾಬ್ ಇದ್ದರೆ ಈ ತಲೆನೋವೇ ಕಡಿಮೆ.

ಗಾಯಕರು ಕೊನೇ ಗಳಿಗೆಯಲ್ಲಿ ‘ಮಾಸ್ಟ್ರೇ, ಇವತ್ತು ಕಪ್ಪು ಎರಡು’ ಎನ್ನುತ್ತಾರೆ. ಬೆರಳು ಬದಲಿಸದೆ ಆಗುತ್ತದೆಯೇ?

ಟ್ರಾನ್ಸ್‌ಪೋಸ್ ಇರುವುದೇ ಇದಕ್ಕೆ. ನಿಮ್ಮ ಕೈ ಬಿಳಿ ಒಂದರಲ್ಲಿ, ಅಂದರೆ ಸಿ ಇಂದ, ಕುಳಿತಿದೆ ಎಂದುಕೊಳ್ಳಿ. ಕಪ್ಪು ಎರಡು (ಎರಡನೆಯ ಕಪ್ಪು ಮನೆಯ ಶ್ರುತಿ) ಅಥವಾ ಎರಡೂವರೆ ಮನೆ ಎಂದರೆ ಮೂರು ಮೆಟ್ಟಿಲು, ಅಂದರೆ ಕಪ್ಪು ಬಿಳಿ ಸೇರಿ ಮೂರು ಮನೆ ಮೇಲೆ. ಕಪ್ಪು ನಾಲ್ಕು ಅಥವಾ ಐದೂವರೆ ಮನೆ ಎಂದರೆ ಎಂಟು ಮೇಲೆ, ಇಲ್ಲವೇ ನಾಲ್ಕು ಕೆಳಗೆ. ನಾನು ನಾಲ್ಕು ಕೆಳಗಿನದನ್ನೇ ಆರಿಸುತ್ತೇನೆ, ಟೋನಿನ ಮೈಬಣ್ಣ ಅಷ್ಟು ಬದಲಾಗುವುದಿಲ್ಲ.

ಆದರೆ ಈ ಬದಲಾವಣೆಯನ್ನು ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯಲ್ಲಿ ಮಾಡಿ, ಪ್ರೀಸೆಟಿನೊಳಗೆ ಉಳಿಸಬೇಡಿ. ಉಳಿಸಿದರೆ ಮರುವಾರ ಇನ್ನೊಬ್ಬರ ಜೊತೆ ಕೂತಾಗ ಒಂದು ಟೋನ್ ಒಂದು ಶ್ರುತಿ, ಮುಂದಿನ ಟೋನ್ ಇನ್ನೊಂದು ಶ್ರುತಿ.

ಸೂಕ್ಷ್ಮ ಕಿವಿಯವರಿಗೆ ಇನ್ನೊಂದು ಮಾತು. ಸಾಮಾನ್ಯ ಕೀಬೋರ್ಡಿನ ಸಮಾನ ಹಂಚಿಕೆಯಲ್ಲಿ ಅಂತರ ಗಾಂಧಾರ 400 ಸೆಂಟ್‌ನಲ್ಲಿದೆ (ಒಂದು ಮೆಟ್ಟಿಲಿಗೆ 100 ಸೆಂಟ್). ತಂಬೂರಿಯಲ್ಲಿ ಸಹಜವಾಗಿ ಕೇಳುವುದು ಸುಮಾರು 386ರಲ್ಲಿ. ಶ್ರುತಿಪೆಟ್ಟಿಗೆಯ ಜೊತೆ ಉದ್ದ ಗಾಂಧಾರ ಹಿಡಿದಾಗ ಸಣ್ಣಗೆ ತಿಕ್ಕಾಟ ಕೇಳುವುದು ಇದಕ್ಕೇ. ಸರ್ಜ್ ಎಕ್ಸ್‌ಟಿ ಸ್ಕಾಲಾ ಫೈಲ್‌ಗಳ (ಸ್ವರಗಳ ಅಂತರ ಬರೆದಿಟ್ಟ ಫೈಲ್) ಮೂಲಕ ಬೇರೆ ಶ್ರುತಿಹಂಚಿಕೆಯನ್ನು ಸ್ವೀಕರಿಸುತ್ತದೆ.

ಸ್ಯಾಕ್ಸೋಫೋನ್ ಟೋನ್ ಹಾಕಿದರೂ ಸ್ಯಾಕ್ಸೋಫೋನ್ ಅನಿಸುವುದಿಲ್ಲ. ಒಳ್ಳೆಯ ಪ್ರೀಸೆಟ್ ಯಾವುದು?

ಕದ್ರಿ ಗೋಪಾಲನಾಥರ ಊರಿನಲ್ಲಿ ಕೂತು ಈ ಪ್ರಶ್ನೆ ಕೇಳಿದರೆ ಉತ್ತರ ಕಷ್ಟ. ಇಲ್ಲಿ ಮದುವೆಯ ಸ್ಯಾಕ್ಸೋಫೋನ್ ಕೇಳಿ ಬೆಳೆದ ಕಿವಿ ಹುಡುಕುವುದು ನಾದವನ್ನಲ್ಲ, ಗಮಕವನ್ನು. ಅದು ಪ್ರೀಸೆಟಿನಲ್ಲಿ ಬರುವುದಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ದಾರಿಯನ್ನು ನೀವೇ ಒದಗಿಸಬೇಕು.

ಟೋನನ್ನು ಮೋನೊ ಮಾಡಿ, ಅಂದರೆ ಒಮ್ಮೆಗೆ ಒಂದೇ ಸ್ವರ. ಸರ್ಜ್‌ನಲ್ಲಿ ಮೋನೊ ಎಫ್‌ಪಿ ಎಂಬುದನ್ನು ಆರಿಸಿದರೆ ಹಿಂದಿನ ಮನೆ ಬಿಡದೆ ಮುಂದಿನದನ್ನು ಒತ್ತಿದಾಗ ಮಾತ್ರ ಜಾರುತ್ತದೆ, ಬಿಡಿಸಿ ಒತ್ತಿದರೆ ನೇರ ಸ್ವರ. ಪೋರ್ಟಮೆಂಟೊ (ಜಾರುವ) ಸಮಯವನ್ನು ಚಿಕ್ಕದಾಗಿಡಿ. ಉದ್ದವಾದರೆ ಗಮಕ ಹೋಗಿ ಕುಡುಕನ ನಡಿಗೆಯಾಗುತ್ತದೆ. ಮಿಕ್ಕದ್ದು ಪಿಚ್ ಬೆಂಡ್ ಚಕ್ರದಲ್ಲಿ. ವಾಡಿಕೆಯಲ್ಲಿ ಅದು ಆಚೀಚೆ ಎರಡೆರಡು ಮೆಟ್ಟಿಲು ಬಾಗುತ್ತದೆ, ಹೆಚ್ಚಿನ ಗಮಕಗಳಿಗೆ ಅಷ್ಟು ಸಾಕು.

ಬೇರೆ ಕೀಬೋರ್ಡಿನಿಂದ 112ನೇ ಟೋನ್ ಕರೆದರೆ ಪಕ್ಕದ್ದು ಬರುತ್ತದೆ. ಯಾಕೆ?

ಎಣಿಕೆಯ ಜಗಳ. ಮಿಡಿ ಒಳಗೊಳಗೆ 0ಯಿಂದ 127ರವರೆಗೆ ಎಣಿಸುತ್ತದೆ, ಕೆಲವು ಯಂತ್ರಗಳು ಮನುಷ್ಯರ ಅನುಕೂಲಕ್ಕೆ 1ರಿಂದ 128 ಎಂದು ತೋರಿಸುತ್ತವೆ. ಟೋನ್ ಸಂಖ್ಯೆಗಳನ್ನು ಎಲ್ಲ ಯಂತ್ರಗಳಿಗೂ ಒಂದೇ ಮಾಡಲು ಬಂದ 1991ರ ಜನರಲ್ ಮಿಡಿ ಪಟ್ಟಿಯಲ್ಲಿ ಶಹನಾಯಿ 112ನೆಯದು, ಆದರೆ ತಂತಿಯ ಮೇಲೆ ಹೋಗುವ ಅಂಕಿ 111. ಒಂದು ಕಳೆದು ಅಥವಾ ಕೂಡಿ ನೋಡಿ. ಆ ಪಟ್ಟಿಯಲ್ಲಿ ಸಿತಾರ್ ಉಂಟು, ಶಹನಾಯಿ ಉಂಟು, ನಾಗಸ್ವರ, ವೀಣೆ ಇಲ್ಲ.

ಟೋನ್ ಬದಲಿಸಿದ ಕೂಡಲೇ ಹಿಂದಿನ ಸ್ವರ ಕಡಿದುಹೋಗುತ್ತದೆ.

ಸ್ಲೇಟು ಒರೆಸಿದರೆ ಅದರ ಮೇಲಿದ್ದುದೂ ಹೋಗುತ್ತದಲ್ಲ. ಎರಡು ಟೋನ್ ಬೆಸೆದು ಹೋಗಬೇಕಾದರೆ ಒಂದೇ ಸಿಂಥನ್ನು ಎರಡು ಸಲ ತೆರೆದು, ಒಂದರಲ್ಲಿ ಪ್ಯಾಡ್, ಇನ್ನೊಂದರಲ್ಲಿ ಲೀಡ್ ಇಟ್ಟುಕೊಳ್ಳಿ. ಸರ್ಜ್‌ನಲ್ಲಿ ಎ ಮತ್ತು ಬಿ ಎಂಬ ಎರಡು ಸೀನ್‌ಗಳಿರುವುದರಿಂದ ಒಂದೇ ಪ್ರೀಸೆಟಿನಲ್ಲಿ ಎಡಗೈಗೆ ಒಂದು, ಬಲಗೈಗೆ ಒಂದು ಶಬ್ದವನ್ನೂ ಇಡಬಹುದು.

ಒಂದು ಟೋನ್ ಕಿರುಚುತ್ತದೆ, ಇನ್ನೊಂದು ಕೇಳುವುದೇ ಇಲ್ಲ.

ಪ್ರೀಸೆಟ್‌ಗಳನ್ನು ಮಾಡಿದವರು ಬೇರೆ ಬೇರೆ, ಅವರ ಕಿವಿಗಳೂ ಬೇರೆ. ಒಂದು ಸಂಜೆ ಕೂತು ನಿಮ್ಮ ಪಟ್ಟಿಯ ಪ್ರತಿ ಟೋನಿನಲ್ಲೂ ಒಂದೇ ಹಾಡಿನ ಸಾಲನ್ನು ಒಂದೇ ಒತ್ತಿನಲ್ಲಿ ನುಡಿಸಿ, ವಾಲ್ಯೂಮ್ ಸಮ ಮಾಡಿ, ಉಳಿಸಿ. ಜೋರಿನದನ್ನು ಇಳಿಸಿ, ಮೆಲ್ಲನೆಯದನ್ನು ಏರಿಸಬೇಡಿ. ಮೈಕಿನವರು ನಿಮ್ಮನ್ನು ನೋಡುವ ದೃಷ್ಟಿಯೇ ಬದಲಾಗುತ್ತದೆ.

ಚಟಪಟ ಶಬ್ದ ಬರುತ್ತದೆ. ಅಥವಾ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಕೇಳುತ್ತದೆ.

ಎರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ತಯಾರಿಸುವ ಶಬ್ದದ ತುಣುಕುಗಳ ಕಂತೆ) 256 ಇದ್ದು ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ತುಣುಕು) 44,100 ಇದ್ದರೆ ವಿಳಂಬ ಸುಮಾರು 5.8 ಮಿಲಿಸೆಕೆಂಡ್, ಕೈಗೆ ಗೊತ್ತಾಗದು. 1024 ಇಟ್ಟರೆ 23 ಮಿಲಿಸೆಕೆಂಡ್ ದಾಟುತ್ತದೆ, ತಾಳ ಎಳೆಯತೊಡಗುತ್ತದೆ. ತೀರ ಕಡಿಮೆ ಇಟ್ಟರೆ ಲ್ಯಾಪ್‌ಟಾಪ್ ಏದುಸಿರು ಬಿಟ್ಟು ಚಟಪಟ ಎನ್ನುತ್ತದೆ. ವಿಂಡೋಸ್‌ನಲ್ಲಿ ವಿಳಂಬ ತಗ್ಗಿಸುವ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಿ. ಒಂದೇ ಟೋನಿನಲ್ಲಿ ಮಾತ್ರ ಚಟಪಟ ಬಂದರೆ ಅದರ ಯೂನಿಸನ್ ಸಂಖ್ಯೆ, ಉದ್ದ ರಿಲೀಸ್ ನೋಡಿ. ಯೂನಿಸನ್ 8 ಎಂದರೆ ಒಂದು ಮನೆಗೆ ಎಂಟು ಜನ ದುಡಿಯುತ್ತಿದ್ದಾರೆ ಎಂದರ್ಥ.

ಹಾಡಿನ ಪ್ರಾಜೆಕ್ಟಿನಲ್ಲಿ ಟೋನ್ ತಿದ್ದಿದೆ. ಹೊಸ ಪ್ರಾಜೆಕ್ಟಿನಲ್ಲಿ ಹಳೆಯದೇ ಬರುತ್ತದೆ.

ರೀಪರ್, ಕ್ಯೂಬೇಸ್ ಮುಂತಾದ ಹಾಡು ಮುದ್ರಿಸಿ ಜೋಡಿಸುವ ಪ್ರೋಗ್ರಾಂಗಳು ಸಿಂಥ್‌ನ ಆ ಹೊತ್ತಿನ ಸ್ಥಿತಿಯನ್ನು ಪ್ರಾಜೆಕ್ಟಿನೊಳಗೇ ಇಟ್ಟುಕೊಳ್ಳುತ್ತವೆ, ಪ್ರೀಸೆಟ್ ಫೈಲನ್ನು ಮುಟ್ಟುವುದಿಲ್ಲ. ಬೇರೆ ಕಡೆಗೂ ಬೇಕಾದರೆ ಸಿಂಥ್‌ನ ಒಳಗಿನಿಂದ ಪ್ರತ್ಯೇಕವಾಗಿ ಉಳಿಸಿ.

ಒಂದು ಸ್ವರ ಸಿಕ್ಕಿಹಾಕಿಕೊಂಡು ನಿಲ್ಲುವುದೇ ಇಲ್ಲ!

ಪೆಡಲ್ ಒಂದು ಸಲ ಒತ್ತಿ ಬಿಡಿ. ಆಗದಿದ್ದರೆ ಎಲ್ಲ ಸ್ವರ ನಿಲ್ಲಿಸುವ ಪ್ಯಾನಿಕ್ ಗುಂಡಿ. ಅದೂ ಇಲ್ಲದಿದ್ದರೆ ಟೋನ್ ಬದಲಿಸಿ. ಸಡಿಲವಾದ ಯುಎಸ್‌ಬಿ ಕೇಬಲ್ಲೇ ಹೆಚ್ಚಾಗಿ ಅಪರಾಧಿ.

ದುಡ್ಡು ಕೊಟ್ಟು ಪ್ರೀಸೆಟ್ ಪ್ಯಾಕ್ ಕೊಳ್ಳಬೇಕೇ?

ಈಗಿರುವ ಟೋನ್‌ಗಳ ಕಟ್‌ಆಫ್ ಮುಟ್ಟಿ ನೋಡದವರು ಕೊಳ್ಳಬಾರದು ಎಂದು ನನ್ನ ಅಭಿಪ್ರಾಯ. ಮುಟ್ಟಿ ನೋಡಿದವರು ಕೊಂಡರೆ ಅದನ್ನು ಬಿಚ್ಚಿ ನೋಡಲು ಕೊಳ್ಳಲಿ. ಒಳ್ಳೆಯ ಕೈ ಯಾವ ನಾಬನ್ನು ಎಲ್ಲಿ ನಿಲ್ಲಿಸಿದೆ ಎಂದು ನೋಡುವುದು ಪಾಠವೇ. ಕಳ್ಳ ಪ್ರತಿಗಳ ಜಿಪ್ ಫೈಲ್ ಕಳಿಸಿ ‘ಇದು ಹಾಕಿಕೊಡಿ’ ಎನ್ನುವವರಿಗೆ ನನ್ನ ಫೋನ್ ಯಾವಾಗಲೂ ಬ್ಯುಸಿ.

ಮಳೆಗಾಲದಲ್ಲಿ ಕರೆಂಟು ಹೋದರೆ?

ಲ್ಯಾಪ್‌ಟಾಪ್ ಬ್ಯಾಟರಿಗೆ ಜಾರಿದ ಕ್ಷಣ ವಿದ್ಯುತ್ ಉಳಿತಾಯದ ಸ್ಥಿತಿಗೆ ಹೋಗಿ ತನ್ನ ವೇಗ ಇಳಿಸಿಕೊಳ್ಳಬಹುದು, ಅಲ್ಲಿಯವರೆಗೆ ಚೆನ್ನಾಗಿದ್ದ ಟೋನ್ ಚಟಪಟ ಎನ್ನತೊಡಗುತ್ತದೆ. ಬ್ಯಾಟರಿಯಲ್ಲೂ ಪೂರ್ಣ ವೇಗದಲ್ಲಿ ಓಡುವಂತೆ ಮೊದಲೇ ಹೊಂದಿಸಿ, ಮನೆಯಲ್ಲಿ ಪ್ಲಗ್ ಕಿತ್ತು ಅರ್ಧ ಗಂಟೆ ನುಡಿಸಿ ಪರೀಕ್ಷಿಸಿ. ಆಂಪ್ಲಿಫೈಯರಿಗೆ ಜನರೇಟರ್ ಬರುವವರೆಗೆ ಹೇಗೂ ಯಾರಿಗೂ ಕೇಳುವುದಿಲ್ಲ. ಆ ಐದು ನಿಮಿಷದಲ್ಲಿ ಇವತ್ತು ತಿದ್ದಿದ ಟೋನ್ ಉಳಿಸಿದ್ದೀರಾ ಎಂದು ನೋಡಿಕೊಳ್ಳಿ.